ದಿಮ್ಮಿ ಎಳೆಯುವ ಎಂಜಿನ್ ಪಾವಗಡದ ಹಲಗೆ ಹತ್ತಿದ್ದು

ನಮ್ಮತ್ತೆ ಪಾವಗಡದಲ್ಲಿರುವ ತಮ್ಮನಿಗೆ ಫೋನಿನಲ್ಲಿ ಒಂದು ಸುಳ್ಳು ಹೇಳಿದರು. ನಾನು ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದೆ. ನಡುಮನೆಯಿಂದ ಅವರ ಮಾತು ಸ್ಪಷ್ಟವಾಗಿ ಕೇಳಿಸಿತು.

"ನನ್ನ ಸೊಸೆ ರೈಲು ಎಂಜಿನ್ ಮಾಡವ್ಳೆ ಕಣ್ಲಾ. ಹೆಂಗೈತೆ ಅಂತೀಯ. ಹಲಗೆ ಓರೆಯಾಗಿ ಇಟ್ರೂ ಸಲೀಸಾಗಿ ಹತ್ತುತ್ತೆ. ನೀನು ಜನ್ಮದಾಗೆ ಅಂಥ ಎಂಜಿನ್ ನೋಡಿರಕ್ಕಿಲ್ಲ."

ಆ ಹೊತ್ತಿಗೆ ಆ ಎಂಜಿನ್ ಊಟದ ಮೇಜಿನ ಮೇಲೆ ಚಕ್ರ ಮೇಲೆ ಮಾಡಿಕೊಂಡು ಮಲಗಿತ್ತು. ಹಲಗೆ ಹತ್ತುವುದಿರಲಿ, ಸಮತಟ್ಟಾದ ನೆಲದ ಮೇಲೂ ಒಂದು ತಿರುವು ದಾಟುತ್ತಿರಲಿಲ್ಲ. ನಾನು ಕೈ ಒರೆಸಿಕೊಂಡು ಹೊರಗೆ ಬಂದೆ.

"ಅತ್ತೆ, ಅದಿನ್ನೂ ನೆಲದ ಮೇಲೇ ಸರಿಯಾಗಿ ಹೋಗ್ತಿಲ್ಲ."

"ಹೋಗುತ್ತೆ ಬುಡು," ಎಂದರು ಅವರು, ಫೋನನ್ನು ದಿಂಬಿನ ಕೆಳಗೆ ಇಡುತ್ತಾ. "ನಾನು ಹೇಳಿಯಾಯ್ತು. ಇನ್ನು ನೀನು ಮಾಡಿದ್ರಾಯ್ತು."

ನಾನು ಮಿಡಿಗೇಶಿಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಮನೆ ಮಧುಗಿರಿಯಲ್ಲಿ. ನನ್ನ ಗಂಡ ಶಿರಾದ ಕಚೇರಿಯೊಂದಕ್ಕೆ ದಿನಾ ಹೋಗಿ ಬರುತ್ತಾರೆ. ಮಗಳು ತುಮಕೂರಿನ ಹಾಸ್ಟೆಲಿನಲ್ಲಿದ್ದಾಳೆ. ಅತ್ತೆಯ ಎರಡೂ ಮಂಡಿಗಳನ್ನು ಬದಲಿಸುವ ಶಸ್ತ್ರಚಿಕಿತ್ಸೆ ಆದ ಮೇಲೆ ಆ ಬೇಸಿಗೆ ರಜೆಯನ್ನೆಲ್ಲ ನಾವಿಬ್ಬರೂ ಮನೆಯೊಳಗೇ ಕಳೆದೆವು. ಅವರ ತವರು ಪಾವಗಡ. ಮದುವೆಯಾಗಿ ಎಷ್ಟು ಕಾಲವಾದರೂ ಅವರ ಕನ್ನಡದಲ್ಲಿ ತೆಲುಗು ಇಣುಕುತ್ತದೆ. ಸಿಟ್ಟು ಬಂದರೆ, ಇಲ್ಲವೇ ತುಂಬಾ ಖುಷಿಯಾದರೆ ಕನ್ನಡ ಪೂರ್ತಿ ಬಿಟ್ಟುಹೋಗುತ್ತದೆ.

ಮಗಳ ಕೋಣೆ ಗುಡಿಸುವಾಗ ಅಟ್ಟದ ಮೇಲೆ ಅವಳ ಹಳೆಯ ಆಟದ ಇಟ್ಟಿಗೆಗಳ ಡಬ್ಬ ಸಿಕ್ಕಿತು. ಒಂದಕ್ಕೊಂದು ಕಚ್ಚಿಕೊಳ್ಳುವ ಪ್ಲಾಸ್ಟಿಕ್ ತುಂಡುಗಳು, ಜೊತೆಗೆ ಒಂದಿಷ್ಟು ಹಲ್ಲುಚಕ್ರ, ಕಡ್ಡಿ, ಒಂದು ಸಣ್ಣ ಮೋಟಾರು. ಅತ್ತೆ ಕಾಲು ಚಾಚಿ ಕೂತಿದ್ದರು, ಎದುರಿಗೆ ನಾನು ಕೂತೆ. ಮೊದಲು ಒಂದು ಮನೆ ಕಟ್ಟಿದೆ, ಆಮೇಲೆ ಒಂದು ಸೇತುವೆ. ಒಂದು ತುಂಡು ಇನ್ನೊಂದಕ್ಕೆ ಕಚ್ಚಿಕೊಂಡಾಗ ಬರುವ ಟಿಕ್ ಎನ್ನುವ ಸದ್ದು ನನಗೆ ಹಿಡಿಸಿತು.

ಆಮೇಲೆ ಫೋನಿನಲ್ಲಿ ಆ ಎಂಜಿನ್ ಕಣ್ಣಿಗೆ ಬಿತ್ತು. ಹಿಂದಿನ ಕಾಲದಲ್ಲಿ ಅಮೆರಿಕದ ಕಾಡುಗಳಲ್ಲಿ ಮರದ ದಿಮ್ಮಿ ಎಳೆಯಲು ಮಾಡಿದ ಉಗಿಯಂತ್ರ. ನಾವು ಚಿತ್ರಗಳಲ್ಲಿ ನೋಡುವ ಉಗಿಬಂಡಿಗೆ ಚಕ್ರದ ಪಕ್ಕದಲ್ಲಿ ಉದ್ದನೆಯ ಕಬ್ಬಿಣದ ತೋಳು ಹಿಂದೆ ಮುಂದೆ ಆಡುತ್ತಿರುತ್ತದೆ. ಇದಕ್ಕೆ ಆ ತೋಳೇ ಇಲ್ಲ. ಬಲಗಡೆ ಮೂರು ಸಿಲಿಂಡರುಗಳು ನೆಟ್ಟಗೆ ನಿಂತಿವೆ. ಅವುಗಳ ಕೆಳಗೆ ಎಂಜಿನ್ನಿನ ಉದ್ದಕ್ಕೂ ಒಂದು ದಂಡ ತಿರುಗುತ್ತದೆ, ಆ ದಂಡದಿಂದ ಪ್ರತಿಯೊಂದು ಚಕ್ರಕ್ಕೂ ಹಲ್ಲುಚಕ್ರದ ಮೂಲಕ ಬಲ ಹೋಗುತ್ತದೆ. ಒಂದು ಕಡೆ ಅಷ್ಟು ಭಾರ ಬಿದ್ದುದರಿಂದ ಬಾಯ್ಲರನ್ನು ಇನ್ನೊಂದು ಕಡೆಗೆ ಸರಿಸಿ ಕೂರಿಸಿದ್ದಾರೆ. ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡ ಹೆಂಗಸು ಇನ್ನೊಂದು ಪಕ್ಕಕ್ಕೆ ವಾಲುವ ಹಾಗೆ. ಎಂಜಿನ್ ಬಹಳ ನಿಧಾನ. ಆದರೆ ಡೊಂಕು ಹಳಿ, ಕಡಿದಾದ ಏರು, ಏನಿದ್ದರೂ ಬಿಡದೆ ಹತ್ತುತ್ತದೆ. ಆ ವಿಡಿಯೊವನ್ನು ಮತ್ತೆ ಮತ್ತೆ ನೋಡಿದೆ. ಅತ್ತೆಗೂ ತೋರಿಸಿದೆ.

"ಇದನ್ನ ಮಾಡು," ಎಂದರು ಅವರು, ಸಾರು ಮಾಡು ಎನ್ನುವಷ್ಟು ಸುಲಭವಾಗಿ.

ಕೈಗೆ ಸಿಗದ ತುಂಡುಗಳನ್ನೂ ಪ್ಲಾಸ್ಟಿಕ್ ಹಳಿಗಳನ್ನೂ ಆನ್‌ಲೈನಿನಲ್ಲಿ ತರಿಸಿದೆ. ಅತ್ತೆ ಮೊರದಲ್ಲಿ ತುಂಡುಗಳನ್ನು ಹರಡಿಕೊಂಡು ಕಪ್ಪು ಒಂದು ಕಡೆ, ಬೂದು ಒಂದು ಕಡೆ ಆರಿಸಿ ಕೊಡುತ್ತಿದ್ದರು. ನನ್ನ ಗಂಡ ಸಂಜೆ ಬಂದವರು ಬಾಗಿಲಲ್ಲೇ ನಿಂತು ನೋಡಿ, "ಅಕ್ಕಿ ಆರಿಸ್ತಿದೀರ ಅಂದ್ಕೊಂಡೆ," ಎಂದರು. ಆಮೇಲೆ ಅವರೂ ಬಗ್ಗಿ ಒಂದು ಹಲ್ಲುಚಕ್ರ ಎತ್ತಿ ತಿರುಗಿಸಿ ನೋಡಿದರು.

ಎಂಜಿನ್ನಿಗೆ ರೂಪ ಬೇಗನೇ ಬಂತು. ಬಾಯ್ಲರು, ಹೊಗೆ ಕೊಳವೆ, ಚಾಲಕನ ಗೂಡು, ಹಿಂದೆ ಸೌದೆ ತುಂಬುವ ಜಾಗದಲ್ಲಿ ಬ್ಯಾಟರಿ. ರಿಮೋಟಿನ ಗುಂಡಿ ಒತ್ತಿದರೆ ಮೂರು ಸಿಲಿಂಡರುಗಳೊಳಗಿನ ಕಡ್ಡಿಗಳು ಒಂದಾದ ಮೇಲೆ ಒಂದು ಮೇಲೆ ಕೆಳಗೆ ಆಡುತ್ತಿದ್ದವು. ನೇರ ಹಳಿಯ ಮೇಲೆ ಚೆನ್ನಾಗಿ ಹೋಗುತ್ತಿತ್ತು. ತಿರುವು ಬಂದ ಕೂಡಲೇ ಪಕ್ಕದ ದಂಡ ಕೀಲಿನಿಂದ ಕಳಚಿ ಬೀಳುತ್ತಿತ್ತು. ಕೀಲು ಬಿಗಿ ಮಾಡಿದೆ. ಆಗ ದಂಡ ಕಳಚಲಿಲ್ಲ, ಎಂಜಿನ್ನೇ ಹಳಿ ತಪ್ಪಿತು. ಅತ್ತೆ ಫೋನಿನಲ್ಲಿ ಸುಳ್ಳು ಹೇಳಿದ್ದು ಆ ವಾರದಲ್ಲೇ.

ಶಾಲೆ ಶುರುವಾಯಿತು. ಒಂದು ಬೆಳಗ್ಗೆ ವೃತ್ತದ ಪಾಠ ಮಾಡುತ್ತಾ ಬೋರ್ಡಿನ ಮೇಲೆ ಒಂದರೊಳಗೊಂದು ಎರಡು ವೃತ್ತ ಬರೆದೆ. ಹೊರಗಿನದರ ಸುತ್ತಳತೆ ಹೆಚ್ಚು, ಒಳಗಿನದರದ್ದು ಕಡಿಮೆ ಎಂದು ಹೇಳುತ್ತಿದ್ದವಳು ಅಲ್ಲೇ ನಿಂತುಬಿಟ್ಟೆ. ನನ್ನ ದಂಡ ಇರುವುದು ಎಂಜಿನ್ನಿನ ಬಲಪಕ್ಕದಲ್ಲಿ. ಎಡಕ್ಕೆ ತಿರುಗಿದರೆ ಅದು ಹೊರಗಿನ ವೃತ್ತದಲ್ಲಿ ಹೋಗಬೇಕು, ಅಂದರೆ ಉದ್ದವಾಗಬೇಕು. ಬಲಕ್ಕೆ ತಿರುಗಿದರೆ ಗಿಡ್ಡವಾಗಬೇಕು. ನಾನು ಅದನ್ನು ಒಂದೇ ಉದ್ದದಲ್ಲಿ ಬಿಗಿದು ಇಟ್ಟಿದ್ದೆ. ಮಕ್ಕಳು ನನ್ನ ಮುಖ ನೋಡುತ್ತಿದ್ದರು. ಪಾಠ ಮುಂದುವರಿಸಿದೆ, ಆದರೆ ಆ ದಿನ ಬಸ್ಸು ಮಧುಗಿರಿ ಮುಟ್ಟುವ ತನಕ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಮಡಚುವ ಕೊಡೆಯ ಕೋಲಿನ ಹಾಗೆ, ದಂಡದ ಕಡ್ಡಿಯು ಕೊಳವೆಯೊಳಗೆ ಜಾರುವಂತೆ ಮಾಡಿದೆ. ಕೊಳವೆಯ ಜೊತೆಗೇ ತಿರುಗುತ್ತದೆ, ಆದರೆ ಬೇಕಾದಾಗ ಹೊರಗೆ ಬರುತ್ತದೆ, ಒಳಗೆ ಹೋಗುತ್ತದೆ. ಹಳಿಯ ಮೇಲಿಟ್ಟು ಗುಂಡಿ ಒತ್ತಿದೆ. ಎಂಜಿನ್ ತಿರುವಿಗೆ ಬಂತು, ದಂಡ ಸ್ವಲ್ಪ ಹಿಗ್ಗಿತು, ತಿರುವು ದಾಟಿತು, ದಂಡ ಮತ್ತೆ ಕುಗ್ಗಿತು. ಅಡುಗೆಮನೆ ಬಾಗಿಲಿನಿಂದ ದೇವರ ಮನೆಯವರೆಗೆ ಹಾಕಿದ್ದ ಹಳಿಯನ್ನೆಲ್ಲ ಸುತ್ತಿ ಬಂತು. ಅತ್ತೆ ಶಿವಪೂಜೆ ಮುಗಿಸಿ ಹಣೆಯ ವಿಭೂತಿಯಲ್ಲೇ ಬಂದು ನಿಂತಿದ್ದರು.

"ನಾನು ಹೇಳ್ಲಿಲ್ವಾ," ಎಂದರು.

ಏರು ಹತ್ತಿಸುವುದು ಇನ್ನೊಂದು ತಲೆನೋವು. ಹಲಗೆಯ ಮೇಲೆ ಪ್ಲಾಸ್ಟಿಕ್ ಚಕ್ರಗಳು ಇದ್ದಲ್ಲೇ ಗಿರ್ರನೆ ತಿರುಗಿದವು. ಚಕ್ರಗಳಿಗೆ ರಬ್ಬರಿನ ಬಳೆ ತೊಡಿಸಿದೆ. ಆಗ ಚಕ್ರ ಹಿಡಿತ ಬಿಡಲಿಲ್ಲ, ಒಳಗಿನ ಹಲ್ಲುಚಕ್ರಗಳು ಒಂದರ ಮೇಲೊಂದು ಟಕಟಕ ಜಿಗಿದವು. ಅವುಗಳ ಸುತ್ತ ಗಟ್ಟಿ ಚೌಕಟ್ಟು ಕಟ್ಟಿದೆ. ಮೋಟಾರಿನ ವೇಗವನ್ನು ಇನ್ನೂ ಇಳಿಸಿದೆ. ಅಂತೂ ಒಂದು ಭಾನುವಾರ ಅದು ಹಿಂದೆ ಜೋಡಿಸಿದ್ದ ಖಾಲಿ ಬಂಡಿಗಳನ್ನು ಎಳೆದುಕೊಂಡು ನಮ್ಮ ಮನೆಯ ಹಲಗೆ ಹತ್ತಿತು. ಅತ್ತೆಯ ಸುಳ್ಳು ನಿಜವಾಯಿತು.

ಪಾವಗಡದಲ್ಲಿ ಅತ್ತೆಯ ತಮ್ಮನ ಮೊಮ್ಮಗಳಿಗೆ ನಾಮಕರಣ ಇತ್ತು. ನಾನು ಮಾವ ಎಂದು ಕರೆಯುವ ಆ ತಮ್ಮ ಆಂಧ್ರದ ಕಡೆ ಗೂಡ್ಸ್ ರೈಲು ಓಡಿಸಿ ನಿವೃತ್ತರಾದವರು. ನೆಂಟರಲ್ಲಿ ಯಾರೇ ರೈಲಿನ ಮಾತೆತ್ತಿದರೂ ಕೊನೆಯ ಮಾತು ಅವರದೇ. "ಎಂಜಿನ್ ತರದೆ ಬರಬೇಡಿ," ಎಂದು ಫೋನ್ ಮಾಡಿದ್ದರು. ನನ್ನ ಗಂಡನಿಗೆ ಕಚೇರಿಯಲ್ಲಿ ರಜೆ ಸಿಗಲಿಲ್ಲ. ಅತ್ತೆಯೂ ನಾನೂ ಬಸ್ ಹತ್ತಿದೆವು. ಎಂಜಿನ್ನನ್ನು ಸೀರೆಯಲ್ಲಿ ಸುತ್ತಿ ರಟ್ಟಿನ ಡಬ್ಬದಲ್ಲಿಟ್ಟು ತೊಡೆಯ ಮೇಲೆ ಇಟ್ಟುಕೊಂಡಿದ್ದೆ.

"ಏನಮ್ಮಾ ಅದು, ಕೋಳಿಮರಿನಾ?" ಎಂದು ಕಂಡಕ್ಟರ್ ಕೇಳಿದ.

"ರೈಲು ಕಣಪ್ಪ," ಎಂದರು ಅತ್ತೆ.

"ಅಂತೂ ನಮ್ಮ ಕಡೆಗೆ ರೈಲು ಬಂದ್ಬುಡ್ತು ಅನ್ನಿ," ಎಂದು ಅವನು ನಕ್ಕ. ಹಿಂದಿನ ಸೀಟಿನವರೂ ನಕ್ಕರು. ನಮ್ಮ ಕಡೆಗೆ ರೈಲು ಬರುತ್ತದೆ ಎನ್ನುವ ಮಾತನ್ನು ನಾನು ಕೊರಟಗೆರೆಯ ತವರಿನಲ್ಲಿ ಲಂಗ ಹಾಕಿಕೊಂಡು ಓಡಾಡುವಾಗಿನಿಂದ ಕೇಳುತ್ತಿದ್ದೇನೆ.

ನಾಮಕರಣ ಮುಗಿದ ಮೇಲೆ, ಊಟಕ್ಕೆ ಎಲೆ ಹಾಕುವುದಕ್ಕೆ ಇನ್ನೂ ಹೊತ್ತಿತ್ತು. ಮಾವ ಅಂಗಳದಲ್ಲಿ ಒಂದು ಉದ್ದನೆಯ ಹಲಗೆ ತರಿಸಿ ಅದರ ಒಂದು ತುದಿಯನ್ನು ಒರಳುಕಲ್ಲಿನ ಮೇಲಿಟ್ಟರು. ನಮ್ಮ ಮನೆಯ ಹಲಗೆಗಿಂತ ಅದು ಎಷ್ಟೋ ಕಡಿದಾಗಿತ್ತು. ಡಬ್ಬದಿಂದ ಎಂಜಿನ್ ತೆಗೆದಾಗ ಅವರು ಅದನ್ನು ಎತ್ತಿ ತಿರುಗಿಸಿ ನೋಡಿದರು.

"ತೋಳು ಎಲ್ಲಮ್ಮ ಇದಕ್ಕೆ? ಇಂಥ ಎಂಜಿನ್ ನಾನು ನೋಡಿಲ್ಲ."

"ಇದು ಕಾಡಿನ ಎಂಜಿನ್ ಮಾವ. ಪಕ್ಕದ ದಂಡದಿಂದ ಎಲ್ಲಾ ಚಕ್ರಕ್ಕೂ ಬಲ ಹೋಗುತ್ತೆ."

"ನೂರಡಿಗೆ ಒಂದಡಿ ಏರು ಅಂದ್ರೇ ನಮ್ಗೆ ಬೆವರು ಬರ್ತಿತ್ತು. ಇದು ಹೆಂಗೆ ಹತ್ತುತ್ತೆ?"

"ನೀನು ನೋಡ್ಲಾ ಸುಮ್ನೆ," ಎಂದರು ಅತ್ತೆ ಕುರ್ಚಿಯಿಂದ.

ಹಲಗೆಯ ಮೇಲೆ ಹಳಿ ಜೋಡಿಸಿ ದಾರದಿಂದ ಕಟ್ಟಿದೆ. ಬಂಡಿಗಳ ಮೇಲೆ ದಿಮ್ಮಿಯ ಹಾಗೆ ಕತ್ತರಿಸಿ ತಂದಿದ್ದ ಹೊಂಗೆ ಕಡ್ಡಿಗಳನ್ನು ಹೇರಿದೆ. ನೆಂಟರೆಲ್ಲ ಸುತ್ತ ನಿಂತರು. ಗುಂಡಿ ಒತ್ತಿದೆ. ಎಂಜಿನ್ ಹೊರಟಿತು, ಹಲಗೆಯ ಕಾಲುಭಾಗ ಏರಿತು, ಅಲ್ಲಿಗೆ ನಿಂತಿತು. ಮುಂದಿನ ಚಕ್ರಗಳು ಮಾತ್ರ ಉಜ್ಜಿಕೊಂಡು ತಿರುಗುತ್ತಿದ್ದವು.

"ಆಗಿಪೋಯಿಂದಕ್ಕಾ," ನಿಂತೇಹೋಯಿತಲ್ಲಕ್ಕಾ ಎಂದು ಮಾವ ತೆಲುಗಿನಲ್ಲಿ ಹೇಳಿದರು. "ಸಿಗ್ನಲ್ ಬಿದ್ದಿಲ್ವೇನೋ."

ಎಲ್ಲರೂ ನಕ್ಕರು. ಅತ್ತೆಯ ಕಡೆ ನೋಡಿದೆ. ಅವರು ನಗಲಿಲ್ಲ, ಮುಖ ಸಣ್ಣದೂ ಮಾಡಿಕೊಳ್ಳಲಿಲ್ಲ. "ಅವಳು ನೋಡ್ತಾಳೆ ಇರ್ರಿ, ಏನಾಗೈತೆ ಅಂತ," ಎಂದರು.

ನಾನು ಮಂಡಿಯೂರಿ ಕೂತು ನೋಡಿದೆ. ಹಿಂದಿನ ಚಕ್ರಗಳು ತಿರುಗುತ್ತಲೇ ಇರಲಿಲ್ಲ. ಬಸ್ಸಿನ ಕುಲುಕಾಟಕ್ಕೆ ಪಕ್ಕದ ದಂಡದ ಹಿಂದಿನ ಕೀಲು ಬಿಟ್ಟುಕೊಂಡಿತ್ತು, ಅಷ್ಟೆ. ಅರ್ಧ ಎಂಜಿನ್ ಮಾತ್ರ ದುಡಿಯುತ್ತಿತ್ತು. ಅರ್ಧ ಎಂಜಿನ್ನೇ ಅಷ್ಟು ದೂರ ಏರಿತ್ತು. ಕೀಲನ್ನು ಒತ್ತಿ ಕೂರಿಸಿದೆ. ಟಿಕ್ ಎಂದಿತು. ಎಂಜಿನ್ನನ್ನು ಕೆಳಗಿಳಿಸಿ ಮತ್ತೆ ಬುಡದಿಂದ ಬಿಟ್ಟೆ.

ಈ ಸಲ ಎಲ್ಲಾ ಚಕ್ರಗಳೂ ಹಳಿಯನ್ನು ಕಚ್ಚಿದವು. ಮೂರು ಸಿಲಿಂಡರುಗಳು ಏರಿಳಿಯುತ್ತಾ, ದಂಡ ತಿರುಗುತ್ತಾ, ಎಂಜಿನ್ ಅವಸರವಿಲ್ಲದೆ ಮೇಲೇರಿತು. ಮೊದಲು ನಿಂತಿದ್ದ ಜಾಗ ದಾಟಿತು. ನಡುಭಾಗ ದಾಟಿತು. ಹೊಂಗೆಯ ದಿಮ್ಮಿಗಳ ಸಮೇತ ಅದು ಒರಳುಕಲ್ಲಿನ ಮೇಲೆ ಹೋಗಿ ನಿಂತಿತು.

"ಎಕ್ಕಿಂದಿ ಚೂಡ್ರಾ, ಎಕ್ಕಿಂದಿ," ಎಂದು ಅತ್ತೆ ಹೊಸ ಮಂಡಿಗಳನ್ನು ಮರೆತು ಕುರ್ಚಿಯಿಂದ ಎದ್ದು ನಿಂತಿದ್ದರು. ಹತ್ತಿತು ನೋಡೋ ಎಂದು ತಮ್ಮನಿಗೆ ಹೇಳಲು ಅವರಿಗೆ ಕನ್ನಡ ಸಿಕ್ಕಿರಲಿಲ್ಲ.

ಮಾವ ಅಷ್ಟಕ್ಕೇ ಬಿಡುವವರಲ್ಲ. ಒಳಗಿನಿಂದ ಕಡಲೆಕಾಯಿ ತರಿಸಿ ಬಂಡಿಗಳ ಮೇಲೆ ರಾಶಿ ಹಾಕಿದರು. ಎಂಜಿನ್ ಅದನ್ನೂ ಎಳೆದುಕೊಂಡು ಹತ್ತಿತು. ಎರಡು ಕಾಯಿ ಜಾರಿ ಬಿದ್ದವು, ಉಳಿದದ್ದೆಲ್ಲ ಮೇಲಕ್ಕೆ ಹೋಯಿತು. ಆಗ ಅವರು ಗಡ್ಡ ಕೆರೆದುಕೊಂಡು ನಿಧಾನವಾಗಿ ಹೇಳಿದರು:

"ಹತ್ತೋದು ದೊಡ್ಡದಲ್ಲಮ್ಮ. ಇಷ್ಟು ಭಾರ ಹಿಂದೆ ಇಟ್ಕೊಂಡು ಇಳಿಯೋದೈತಲ್ಲ, ಅದು ದೊಡ್ಡದು. ನಮ್ಮ ಜೀವ ಬಾಯಿಗೆ ಬರ್ತಿದ್ದಿದ್ದು ಇಳಿಯುವಾಗ."

ಅವರು ಹೇಳಿದ್ದು ಸರಿಯೇ ಇತ್ತು. ನಾನು ಮನೆಯಲ್ಲಿ ಒಮ್ಮೆಯೂ ಭಾರ ಹೇರಿ ಇಳಿಸಿ ನೋಡಿರಲಿಲ್ಲ. ಆದರೆ ಮೋಟಾರಿಗೂ ಚಕ್ರಕ್ಕೂ ನಡುವೆ ಇಷ್ಟೊಂದು ಹಲ್ಲುಚಕ್ರಗಳಿರುವಾಗ ಚಕ್ರ ತನ್ನಷ್ಟಕ್ಕೆ ಓಡುವುದು ಸುಲಭವಲ್ಲ ಎಂದು ಲೆಕ್ಕ ಹೇಳುತ್ತಿತ್ತು. ಲೆಕ್ಕವನ್ನು ನಂಬಿ ಹಿಂದಕ್ಕೆ ಹೋಗುವ ಗುಂಡಿ ಒತ್ತಿದೆ. ಕಡಲೆಕಾಯಿ ಬಂಡಿಗಳು ಮುಂದೆ, ಎಂಜಿನ್ ಹಿಂದೆ. ಮಾವ ಹಲಗೆಯ ಕೆಳತುದಿಯಲ್ಲಿ ಎರಡೂ ಅಂಗೈ ಒಡ್ಡಿಕೊಂಡು ಕೂತರು, ಧುಮುಕಿ ಬಂದರೆ ಹಿಡಿಯಲು. ಎಂಜಿನ್ ಹತ್ತಿದಷ್ಟೇ ನಿಧಾನವಾಗಿ ಇಳಿಯಿತು. ನಡುವೆ ನಾನು ಬೇಕೆಂದೇ ಗುಂಡಿ ಬಿಟ್ಟೆ. ಅದು ಇಳಿಜಾರಿನ ಮಧ್ಯದಲ್ಲಿ ಅಲ್ಲಾಡದೆ ನಿಂತಿತು.

ಮಾವ ಒಡ್ಡಿದ ಕೈಗಳನ್ನು ಕೆಳಗಿಳಿಸಿದರು. ಬಿಳಿ ಪಂಚೆಯಲ್ಲೇ ನೆಲದ ಮೇಲೆ ಬೋರಲು ಮಲಗುವಷ್ಟು ಬಗ್ಗಿ, ಒಂದು ಕೆನ್ನೆ ಹಲಗೆಗೆ ತಾಗಿಸಿ ಆ ದಂಡವನ್ನು ನೋಡಿದರು. "ಬುಡಮ್ಮ," ಎಂದರು. ನಾನು ಮತ್ತೆ ಗುಂಡಿ ಒತ್ತಿದೆ. ದಂಡ ತಿರುಗಿತು. "ನಿಲ್ಸು," ಎಂದರು. ನಿಲ್ಲಿಸಿದೆ.

"ಇದನ್ನ ನೀನೇ ಯೋಚ್ನೆ ಮಾಡಿ ಕಟ್ಟಿದ್ದಾ?"

"ಎಂಜಿನ್ ಹೆಂಗಿರಬೇಕು ಅಂತ ನೋಡಿದ್ದೆ ಮಾವ. ಒಳಗಿನದ್ದೆಲ್ಲ ನಾನೇ ಕಟ್ಟಿದ್ದು."

"ಇಂಥದ್ದು ಒಂದು ನನ್ನ ಕೈಲಿ ಇದ್ದಿದ್ರೆ ಎಷ್ಟೋ ದಿನ ನೆಮ್ಮದಿಯಾಗಿ ಮನೆಗೆ ಬರ್ತಿದ್ದೆ," ಎಂದು ಅವರು ಎದ್ದು ಕೂತು ಕೈ ಚಾಚಿದರು. ನಾನು ರಿಮೋಟನ್ನು ಅವರ ಅಂಗೈಯಲ್ಲಿಟ್ಟೆ. ಯಾವ ಗುಂಡಿ ಯಾವುದಕ್ಕೆ ಎಂದು ಒಮ್ಮೆ ಹೇಳಿಸಿಕೊಂಡರು. ಆಮೇಲೆ ಹತ್ತಿಸಿದರು, ಇಳಿಸಿದರು, ನಡುವೆ ನಿಲ್ಲಿಸಿದರು, ಕಡಲೆಕಾಯಿ ಇನ್ನಷ್ಟು ಹೇರಿಸಿದರು. ಅತ್ತೆ ಬಂದವರಿಗೆಲ್ಲ ವೃತ್ತದ ಕಥೆಯನ್ನೂ ಕೊಡೆ ಕೋಲಿನ ಕಥೆಯನ್ನೂ, ತಾವೇ ಬೋರ್ಡಿನ ಮುಂದೆ ನಿಂತಿದ್ದವರ ಹಾಗೆ ವಿವರಿಸುತ್ತಿದ್ದರು. ಒಂದಿಷ್ಟು ತಪ್ಪು ಹೇಳುತ್ತಿದ್ದರು. ನಾನು ತಿದ್ದಲಿಲ್ಲ.

ಒಳಗಿನಿಂದ ಮಾವನ ಸೊಸೆ ಬಂದು ಎಲೆ ಹಾಕಿಯಾಯಿತು ಎಂದು ಕರೆದಳು. ಮತ್ತೆ ಕರೆದಳು. ಮಾವ ತಲೆ ಎತ್ತಲಿಲ್ಲ.

"ನೀವೆಲ್ಲ ಕೂತ್ಕೊಳಿ," ಎಂದರು. "ಗಾಡಿ ಮೇಲೈತೆ. ಇಳಿಸಿ ಬರ್ತೀನಿ."