ಕದರಮ್ಮನವರ ಕೈಗೆ ಕೊಟ್ಟ ಹರಕೆಗಳು

ಬಟವಾಡಿಯ ಕದರಮ್ಮನವರು ನಮ್ಮ ಭಜನಾ ಮಂಡಳಿಗೆ ಬಂದದ್ದು ಅಂಗನವಾಡಿ ಕೆಲಸದಿಂದ ನಿವೃತ್ತರಾದ ಮೇಲೆ. ಗುಬ್ಬಿ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಅಲ್ಲಿಯೇ ಮಕ್ಕಳನ್ನು ತೂಗುತ್ತ, ಬಸುರಿಯರಿಗೆ ಮೊಟ್ಟೆ ಹಂಚುತ್ತ ಬದುಕು ಸವೆಸಿದ ಈ ತಾಯಿ, ಪತಿ ತೀರಿಕೊಂಡ ಬಳಿಕ ಮಗಳಿಗೆ ಹತ್ತಿರವಾಗಲೆಂದು ತುಮಕೂರಿನ ಬಟವಾಡಿಯಲ್ಲಿ ಬಾಡಿಗೆ ಮನೆ ಹಿಡಿದರು. ಕಂಠ ಒರಟು, ತಾಳ ಆಗಾಗ ತಪ್ಪುತ್ತಿತ್ತು. ಆದರೂ ಮರಳೂರಿನ ನಮ್ಮ ಶನಿವಾರದ ಭಜನೆಗೆ ಹೆಂಗಸರು ಬೇಗ ಬರತೊಡಗಿದ್ದು ನನ್ನ ಪ್ರವಚನಕ್ಕಾಗಿ ಅಲ್ಲ, ಕದರಮ್ಮನವರ ಪಕ್ಕದಲ್ಲಿ ಜಾಗ ಹಿಡಿಯುವುದಕ್ಕಾಗಿ.

ಅದಕ್ಕೆ ಕಾರಣವಿತ್ತು. ಅವರ ತವರಿನಲ್ಲಿ ಒಂದು ನಡಾವಳಿ ಉಂಟು. ತಾನಾಗಿ ಸನ್ನಿಧಿಗೆ ಹೋಗಲಾಗದ ಹೆಣ್ಣುಮಗಳು ತನ್ನ ಹರಕೆಯನ್ನು ಹಿರಿಯಳೊಬ್ಬಳ ಕಿವಿಯಲ್ಲಿ ಹೇಳುತ್ತಾಳೆ. ಆ ಹಿರಿಯಳು ನರಸಿಂಹಸ್ವಾಮಿಯ ಮುಂದೆ ನಿಂತು, ಹೇಳಿದವಳ ಮಾತಿನಲ್ಲಿಯೇ ಅದನ್ನು ಒಪ್ಪಿಸಬೇಕು. ಒಂದು ಪದ ತಿದ್ದಿದರೂ ಹರಕೆ ತಲುಪುವುದಿಲ್ಲವೆಂದು ಅವರ ನಂಬಿಕೆ. ಕದರಮ್ಮನವರ ಸೋದರತ್ತೆ ಎಲ್ಲವನ್ನೂ ನೆನಪಿನಲ್ಲಿಯೇ ಇಟ್ಟುಕೊಳ್ಳುತ್ತಿದ್ದರಂತೆ. ಇವರಿಗೆ ತಮ್ಮ ನೆನಪಿನ ಮೇಲೆ ಆ ಭರವಸೆ ಇರಲಿಲ್ಲ. ಆದರೆ ಅಂಗನವಾಡಿಯ ಕೆಲಸ ಅವರಿಗೆ ಮೊಬೈಲನ್ನು ಚೆನ್ನಾಗಿ ಕಲಿಸಿತ್ತು. ಒಬ್ಬೊಬ್ಬರ ಹರಕೆಯನ್ನೂ ಒಂದೊಂದು ನೋಟ್ ಮಾಡಿ, ಅವರು ಆಡಿದ ಹಾಗೆಯೇ ಬರೆದುಕೊಳ್ಳುತ್ತಿದ್ದರು. ಫೋನು ಕಳೆದರೂ ಹರಕೆ ಕಳೆಯದಂತೆ ಅವು ಯಾವುದೋ ಕಂಪನಿಯ ಕ್ಲೌಡಿನಲ್ಲಿ ಭದ್ರವಾಗಿದ್ದವು.

ಹೀಗಿರಲು ಆ ಕಂಪನಿಯಿಂದ ಸಂದೇಶ ಬಂತು: ಇನ್ನು ಮುಂದೆ ಇಷ್ಟೊಂದು ನೋಟ್‌ಗಳನ್ನು ಪುಕ್ಕಟೆ ಇಟ್ಟುಕೊಳ್ಳುವಂತಿಲ್ಲ. ನಮ್ಮ ಮಂಡಳಿಯ ಹಾರ್ಮೋನಿಯಂ ಗಂಗಾಧರ್ ಕಾಲೇಜೊಂದರ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸದವನು. ಕದರಮ್ಮನವರನ್ನು ಅಮ್ಮ ಎಂದೇ ಕರೆಯುತ್ತಿದ್ದ.

"ಬೇರೆ ಕಂಪನೀದು ಫ್ರೀ ಐತೆ, ಅದಕ್ಕೆ ಸಾಗಿಸ್ಬುಡಾಣ ಅಮ್ಮ," ಎಂದ. "ಹಳೇದ್ರಿಂದ ಒಂದು ಫೈಲ್ ಇಳಿಸ್ಕೊಳ್ಳೋದು, ಹೊಸದಕ್ಕೆ ಏರಿಸೋದು. ಮೂಟೆ ಬಿಚ್ಚದೆ ಲಾರಿ ಬದಲಾಯಿಸಿದ ಹಂಗೆ."

"ಒಳಗಡೆ ಇರೋದು ನೋಡ್ಬೇಕಾಗುತ್ತೇನಪ್ಪ?"

"ಯಾಕೆ ನೋಡ್ಬೇಕು? ನಂಗೇನ್ ಬೇರೆ ಕೆಲಸ ಇಲ್ವಾ?"

ಕದರಮ್ಮನವರು ಪಾಸ್‌ವರ್ಡನ್ನು ಎಲ್ಲರೆದುರು ಜೋರಾಗಿ ಹೇಳಿ, ಫೋನನ್ನೂ ಅವನ ಕೈಗೆ ಕೊಟ್ಟರು. ಮಗನಿಗೆ ಮನೆಯ ಬೀಗದ ಕೈ ಕೊಡುವಾಗ ಯಾವ ತಾಯಿ ಹಿಂದೆಮುಂದೆ ನೋಡುತ್ತಾಳೆ? ಮರುದಿನ ಅವನು ಬಟವಾಡಿಗೇ ಹೋಗಿ ಫೋನು ಮರಳಿಸಿದ. ಅವರು ಮಾಡಿಟ್ಟಿದ್ದ ಒಬ್ಬಟ್ಟನ್ನು ತಿಂದು ಬಂದ.

ಆ ವಾರ ಮುಗಿಯುವ ಮೊದಲೇ ಗಂಗಾಧರನ ಹೆಂಡತಿ ಆಶಾರಾಣಿ ಕದರಮ್ಮನವರ ಬಾಗಿಲಿಗೆ ಬಂದಳು. ಒಳಗೆ ಕರೆದರೂ ಹೊಸ್ತಿಲು ದಾಟಲಿಲ್ಲ.

"ಅವ್ರಿಗೆ ಯಾಕಮ್ಮ ಹೇಳುದ್ರಿ?"

"ಏನೇ ಹೇಳ್ದೆ ನಾನು?"

"'ಇವ್ರು ಮನೇಲಿಲ್ದಾಗ್ಲೇ ನಂಗೆ ಉಸಿರು ಬರೋದು, ಕುಣಿಗಲ್ ಸ್ಕೂಲ್ ಕೆಲಸ ಕೊಡ್ಸು ಸ್ವಾಮಿ, ತಂಬಿಟ್ಟಿನ ಆರ್ತಿ ತರ್ತೀನಿ.' ನಾನು ಆಡಿದ ಮಾತು ಹಂಗಂಗೇ ಅವ್ರ ಬಾಯಲ್ಲಿ ಬಂತು. ಊಟಕ್ಕೆ ಕೂತವ್ರು 'ಈಗ ಉಸಿರು ಬರ್ತೈತೇನೇ?' ಅಂತ ಕೇಳುದ್ರು. ಬೆಳಿಗ್ಗೆ ಸ್ಕೂಲಿಗೆ ಫೋನ್ ಮಾಡಿ, ನನ್ನ ಹೆಂಡ್ತಿಗೆ ಕೆಲಸ ಬೇಡ ಅಂತಾನೂ ಹೇಳ್ಬುಟ್ಟವ್ರೆ. ನಿಮ್ಮೊಬ್ರನ್ನ ಬಿಟ್ಟು ನಾನು ಯಾರ ಹತ್ರಾನೂ ಬಾಯಿ ಬಿಟ್ಟಿರ್ಲಿಲ್ಲ."

ಕದರಮ್ಮನವರು ಫೋನು ತಂದರು. ಅಲ್ಲಿಯವರೆಗೆ ಮುಟ್ಟಿಯೇ ನೋಡದಿದ್ದ ಹೊಸ ಆ್ಯಪನ್ನು ಅವಳ ಎದುರಿನಲ್ಲಿಯೇ ತೆರೆದರು. ಇತ್ತೀಚೆಗೆ ಓದಿದವು ಎಂಬ ಕಡೆ ಒಂದೇ ಒಂದು ನೋಟ್ ಇತ್ತು. ಆಶಾರಾಣಿ, ಮರಳೂರು.

"ನೋಡವ್ವ," ಎಂದಷ್ಟೇ ಹೇಳಿ ಫೋನನ್ನು ಅವಳತ್ತ ತಿರುಗಿಸಿದರು. ಆಶಾ ಬಹಳ ಹೊತ್ತು ನೋಡಿದಳು. ಬಳಿಕ ಮೆಟ್ಟಿಲಿಳಿದು ಹೋದಳು.

ಶನಿವಾರ ಭಜನೆಗೆ ಮುಂಚೆ, ಇನ್ನೂ ಜಮಖಾನ ಹಾಸುತ್ತಿರುವಾಗಲೇ, ಕದರಮ್ಮನವರು ಹಾರ್ಮೋನಿಯಂ ಮುಂದೆ ಬಂದು ನಿಂತರು. ನಾನು ಪಕ್ಕದಲ್ಲಿಯೇ ಇದ್ದೆ.

"ಏನ್ಲಾ ಗಂಗಾಧರ, ಮೂಟೆ ಬಿಚ್ಚಲ್ಲ ಅಂದಿದ್ದೆ?"

ಅವನಿಗೆ ಕೂಡಲೇ ಅರ್ಥವಾಯಿತು. "ಸರಿಯಾಗಿ ಬಂದವಾ ಅಂತ ಒಂದು ತೆಗೆದು ಟೆಸ್ಟ್ ಮಾಡ್ದೆ ಅಮ್ಮ."

"ಅಷ್ಟ್ರಲ್ಲಿ ಟೆಸ್ಟಿಗೆ ಅದೊಂದೇ ಸಿಕ್ತಾ?"

"ನನ್ನ ಹೆಂಡ್ತಿ ವಿಷ್ಯ. ನಾನು ತಿಳ್ಕೊಂಡ್ರೆ ಯಾರಿಗೇನು ನಷ್ಟ?"

ಅವನು ಹೆಂಡತಿಯ ಕೆಲಸ ತಪ್ಪಿಸಿದ ಸುದ್ದಿ ಆಗಲೇ ಎಲ್ಲರಿಗೂ ಮುಟ್ಟಿತ್ತು. ಹಿಂದಿನಿಂದ ಪುಟ್ಟತಾಯಮ್ಮ, ಸದಾಶಿವನಗರದ ಟೈಲರ್, ಬಿಡಲಿಲ್ಲ: "ದೇವ್ರು ಇನ್ನೂ ಕೇಳ್ಸ್ಕಂಡಿದ್ನೋ ಇಲ್ವೋ, ನೀನು ಓದಿ ಉತ್ರಾನೂ ಕೊಟ್ಬುಟ್ಯಲ್ಲಪ್ಪ. ಇನ್ನು ಆರ್ತಿ ನಿಂಗೇ ಎತ್ಬೇಕೇನೋ." ಹೆಂಗಸರು ನಕ್ಕರು. ಕದರಮ್ಮನವರು ನಗಲಿಲ್ಲ.

"ನನ್ನ ಕೈಲಿ ಒಬ್ಬಟ್ಟು ಇಸ್ಕೊಂಡು ತಿಂದ್ಯಲ್ಲ ಕಣೋ," ಎಂದರು. "ಅಷ್ಟೊತ್ತಿಗೆ ಓದಿದ್ಯಾ, ಇನ್ನೂ ಇಲ್ವಾ?"

"ಓದಿದ್ದೆ," ಎಂದ ಗಂಗಾಧರ. ಹಾರ್ಮೋನಿಯಂ ಮುಚ್ಚಿ ಎದ್ದು ಹೋದ.

ಆ ದಿನ ನಾನು ಪ್ರವಚನಕ್ಕೆ ಸಿದ್ಧಪಡಿಸಿಕೊಂಡಿದ್ದ ವಿಷಯವನ್ನು ಕೈಬಿಟ್ಟೆ. ಭಕ್ತ ಬಾಂಧವರೇ, ಎಂದೆ, ದೇವರಿಗೆಂದು ಕೊಟ್ಟ ಮಾತು ನಡುದಾರಿಯಲ್ಲಿ ಯಾರ ಸ್ವತ್ತೂ ಆಗುವುದಿಲ್ಲ. ಗಂಡನೆಂಬ ಹಕ್ಕು ಗರ್ಭಗುಡಿಯ ಹೊರಗೆ ನಿಲ್ಲಬೇಕು. ಮನೆಯೊಳಗೆ ಉಸಿರು ಕಟ್ಟಿದವಳು ಭಗವಂತನ ಬಳಿ ಒಂದು ಕಿಟಕಿ ಕೇಳಿದರೆ, ಆ ಕಿಟಕಿಗೂ ಕಿವಿಯಿಡುವವನು ಎಷ್ಟು ಇಂಪಾಗಿ ನುಡಿಸಿದರೇನು? ಎದುರಿಗೆ ಕುಳಿತ ಹೆಂಗಸರಲ್ಲಿ ಹಲವರು ನನ್ನನ್ನು ನೋಡುತ್ತಿರಲಿಲ್ಲ. ಕದರಮ್ಮನವರ ಕೈಯಲ್ಲಿದ್ದ ಫೋನನ್ನು ನೋಡುತ್ತಿದ್ದರು.

ಅದನ್ನು ಅವರೂ ಕಂಡರು. ಮುಂದಿನ ದಿನಗಳಲ್ಲಿ ಹರಕೆ ಕೊಟ್ಟವರ ಮನೆಮನೆಗೂ ಹೋದರು. "ನಿನ್ನ ಮಾತು ಇನ್ನೊಬ್ಬನ ಕೈಲಿ ಒಂದು ರಾತ್ರಿ ಇತ್ತು ಕಣವ್ವ. ಇಳಿಸ್ಕೊಂಡ ಫೈಲಲ್ಲಿ ಓದಿದ್ನೋ ಇಲ್ವೋ ಕಾಣೆ. ಪಾಸ್‌ವರ್ಡ್ ನಾನೇ ಕೊಟ್ಟಿದ್ದು," ಎಂದು ಪ್ರತಿಯೊಬ್ಬರಿಗೂ ಹೇಳಿದರು. ಕೆಲವರು ಸಮಾಧಾನ ಮಾಡಿದರು, ಕೆಲವರು ಬಾಗಿಲಲ್ಲಿಯೇ ಮಾತು ಮುಗಿಸಿದರು. ಒಬ್ಬಾಕೆ, "ನಂದು ಅಳಿಸ್ಬುಡಿ," ಎಂದಳು. ಅಲ್ಲಿಯೇ ನಿಂತು ಅಳಿಸಿದರು.

ಆಶಾರಾಣಿ ಅಷ್ಟರೊಳಗೆ ಮಕ್ಕಳೊಂದಿಗೆ ಕುಣಿಗಲ್ಲಿನ ತವರು ಸೇರಿದ್ದಳು. ಕದರಮ್ಮನವರು ಬಸ್ಸು ಹತ್ತಿ ಅಲ್ಲಿಗೂ ಹೋದರು. ಮೊದಲು ಶಾಲೆಗೆ ಹೋಗಿ ಕೇಳಿಕೊಂಡರಂತೆ. ಆ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಆಶಾ ಅವರನ್ನು ಆದರದಿಂದ ಕೂರಿಸಿ, ಮುದ್ದೆ, ಅವರೇಕಾಳು ಸಾರು ಬಡಿಸಿದಳು. ಕೈತೊಳೆಯಲು ತಾನೇ ನೀರು ಹಾಕಿದಳು.

ಹಿಂದಿರುಗಿದವರು ಬಸ್‌ಸ್ಟ್ಯಾಂಡಿನಿಂದ ನೇರವಾಗಿ ನಮ್ಮ ಮನೆಗೆ ಬಂದರು. ನನ್ನ ಹೆಂಡತಿ ಕೊಟ್ಟ ಕಾಫಿ ಕೈಯಲ್ಲಿಯೇ ಆರುತ್ತಿತ್ತು.

"ಹೊರಡೋವಾಗ ಕೇಳ್ದೆ ಸ್ವಾಮೇರೆ. ಶನಿವಾರ ಸ್ವಾಮಿ ಮುಂದೆ ನಿಂತ್ಕೋತೀನಿ, ಏನಾದ್ರೂ ಹೇಳ್ಬೇಕೇನವ್ವ ಅಂತ."

"ಏನಂದ್ಲು?"

"'ಏನೂ ಇಲ್ಲ ಅಮ್ಮ, ಎಲ್ಲಾ ಚೆನ್ನಾಗೈತೆ' ಅಂದ್ಲು. ಕೆಲಸ ಹೋಗೈತೆ, ಗಂಡ ಹಂಗವ್ನೆ, ಅಣ್ಣನ ಹೆಂಡ್ತಿ ಮುಖ ಊದಿಸ್ಕೊಂಡವ್ಳೆ. ಎಲ್ಲಾ ಚೆನ್ನಾಗೈತಂತೆ." ಲೋಟವನ್ನು ಕೆಳಗಿಟ್ಟರು. "ನಗ್ತಾನೇ ಸುಳ್ಳು ಹೇಳಿದ್ಲು. ನಿಜ ಹೇಳುದ್ರೆ ಏನಾಗುತ್ತೆ ಅಂತ ಒಂದ್ಸಲ ಕಂಡವ್ಳು, ಇನ್ನು ನನ್ನ ಕೈಗೆ ಮಾತು ಕೊಡಲ್ಲ ಅಂತ ನಂಗೂ ಗೊತ್ತು, ಸುಮ್ನೆ ಹೂಂ ಅಂದ್ಬಂದೆ."