ಕೊಕ್ಕರೆಗಳ ಕಾಲು

ಹಳೆಯ ಆಸ್ಪತ್ರೆಯ ದುರಸ್ತಿ ಕೆಲಸದಲ್ಲಿ ಎಲ್ಲರೂ ಅವಳನ್ನು ಹತ್ತಿಯಕ್ಕ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷಗಳಿಂದ ಕಡ್ಡಿಗೆ ಹತ್ತಿ ಸುತ್ತಿ, ಹಳೆಯ ಕಟ್ಟಡಗಳ ಟೈಲ್ಸ್ ಮೇಲಿನ ಮಸಿ ತೆಗೆದವಳು. “ನೀನು ಗೋಡೆನೇ ಮದುವೆ ಆಗಬೇಕಿತ್ತು” ಎಂದು ಗಂಡ ಹಂಗಿಸಿದರೆ, “ಗೋಡೆ ಇಷ್ಟು ಮಾತಾಡಲ್ಲ” ಎನ್ನುತ್ತಿದ್ದಳು.

ಈಚೆಗೆ ಅವಳ ಕೈಗೆ ಲೇಸರ್ ಯಂತ್ರವೂ ಬಂದಿತ್ತು. ಬೆಳಕು ತಗುಲಿದ ಕಡೆ ಮಸಿ ಚಟಚಟನೆ ಸಿಡಿದು ಹೋಗುತ್ತಿತ್ತು. ಅಡಿಯ ಬಿಳಿ ಮೆರುಗಿಗೆ ಏನೂ ಆಗುತ್ತಿರಲಿಲ್ಲ. ಆದರೆ ಮಸಿ ಯಾವುದು, ಕಪ್ಪು ಬಣ್ಣ ಯಾವುದು ಎಂದು ತಿಳಿಯುವ ಬುದ್ಧಿ ಅದಕ್ಕಿಲ್ಲ. ಹೆರಿಗೆ ವಾರ್ಡಿನ ಗೋಡೆಯ ಟೈಲ್ಸ್ ಮೇಲೆ ಬಿಡಿಸಿದ ಹನ್ನೊಂದು ಕೊಕ್ಕರೆಗಳಿದ್ದವು. ಅವುಗಳ ಕಾಲನ್ನು ಯಾರೋ ಮೆರುಗಿನ ಮೇಲೆ ಕಪ್ಪು ಬಣ್ಣದಲ್ಲಿ, ಕೂದಲೆಳೆಯಷ್ಟು ತೆಳ್ಳಗೆ ಬರೆದಿದ್ದರು. ಸುತ್ತಲಿನ ಮಸಿಗೆ ಮಾತ್ರ ಲೇಸರ್, ಕಾಲುಗಳಿಗೆ ಹತ್ತಿಯೇ ಎಂದು ಅಕ್ಕ ಎಲ್ಲರಿಗೂ ಹೇಳಿ ಹೇಳಿ ಸಾಕಾಗಿದ್ದಳು.

ಅಂದು ಊಟ ಮುಗಿಸಿ ಬಂದರೆ ಸೂಪರ್‌ವೈಸರ್ ತಾನೇ ರಕ್ಷಣೆಯ ಕನ್ನಡಕ ಹಾಕಿಕೊಂಡು ಲೇಸರ್ ಹಿಡಿದು ನಿಂತಿದ್ದಾನೆ. ಮೊದಲ ಕೊಕ್ಕರೆಗೆ ಒಂದೇ ಕಾಲು.

“ಏನ್ ಸಾರ್ ಮಾಡಿದ್ರಿ?”

“ಪವರ್ ಸ್ವಲ್ಪ ಜಾಸ್ತಿ ಮಾಡ್ದೆ. ನೀವು ಹೀಗೇ ಒರೆಸ್ತಾ ಕೂತ್ರೆ ನನ್ನ ಮೊಮ್ಮಕ್ಕಳು ಉದ್ಘಾಟನೆ ಮಾಡ್ಬೇಕಾಗುತ್ತೆ.”

“ಕಾಲೆಲ್ಲಿ?”

ಅವನು ಕನ್ನಡಕ ತೆಗೆದು ಬಗ್ಗಿ ನೋಡಿದ. “ಕೊಕ್ಕರೆ ಒಂಟಿಕಾಲಲ್ಲಿ ತಾನೇ ಅಕ್ಕಾ ನಿಲ್ಲೋದು? ಯಾರಿಗ್ ಗೊತ್ತಾಗುತ್ತೆ!”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಎಷ್ಟೋ ವರ್ಷಗಳ ಬಿಸಿನೀರಿನ ಒಲೆಯ ಹೊಗೆ, ಎಷ್ಟೋ ತಾಯಂದಿರ ನರಳಾಟ, ಎಲ್ಲ ದಾಟಿ ಬಂದ ಗೆರೆ ಒಂದು ಊಟದ ಹೊತ್ತಿನಲ್ಲಿ ಧೂಳಾಗಿತ್ತು. ಯಂತ್ರದ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡಳು.

“ಉಳಿದ ಹತ್ತಕ್ಕೂ ಇದೇ ಗತಿ ಕಾಣಿಸೋ ಯೋಚ್ನೆನಾ? ಕೂತ್ಕೊಳ್ಳಿ.”

“ನಾನಾ? ಸೋಮವಾರ ಉದ್ಘಾಟನೆಗೆ ದೊಡ್ಡ ಸಾಹೇಬ್ರು ಬರ್ತಾರೆ!”

“ಬರ್ಲಿ, ಕಾಲಿರೋ ಕೊಕ್ಕರೆ ನೋಡ್ಲಿ. ಹಿಡೀರಿ ಕಡ್ಡಿ. ಉಜ್ಜಬೇಡಿ ಸಾರ್, ಉರುಳಿಸಿ! ಪಾತ್ರೆ ತೊಳೀತಿದೀರಾ?”

ಅವನು ಎರಡನೆಯ ಕೊಕ್ಕರೆಯ ಕಾಲಿನ ಮೇಲೆ ಉರುಳಿಸಿದ. ಬೆವರಿದ. ಸೊಂಟ ಹಿಡಿಯಿತು ಎಂದ. “ಇನ್ನೂ ಮಂಡಿಗೇ ಬಂದಿಲ್ಲ” ಎಂದಳು ಅಕ್ಕ. ಒಂದು ಕಾಲು ಮುಗಿಯಲು ಒಂದೂವರೆ ಗಂಟೆ ಹಿಡಿಯಿತು. ಮಸಿಯ ಅಡಿಯಿಂದ ಗೆರೆ ಎದ್ದು ಬಂದಾಗ ಅವನ ಕೈ ಗಾಳಿಯಲ್ಲೇ ನಿಂತುಬಿಟ್ಟಿತು. ಆಮೇಲೆ ಎದ್ದು ಕಿಟಕಿಯ ಬಳಿ ಹೋಗಿ ಫೋನ್ ಮಾಡಿದ.

“ಸಾರ್, ಉದ್ಘಾಟನೆ ಎರಡು ವಾರ ಮುಂದೆ ಹಾಕಿ... ಇಲ್ಲ ಸಾರ್, ಯಂತ್ರ ಸರಿಯಾಗೇ ಇದೆ. ತಪ್ಪು ನಂದೇ.”

ಅಕ್ಕ ತಿರುಗಿ ನೋಡಲಿಲ್ಲ. ಅವನಿಗೆಂದು ಇನ್ನೊಂದು ಕಡ್ಡಿಗೆ ಹತ್ತಿ ಸುತ್ತುತ್ತಿದ್ದಳು.