ಕ್ಯಾಂಪಿನ ಕ್ವಾರ್ಟರ್ಸೋ, ಊರೊಳಗಿನ ಕೋಣೆಯೋ

ನಾನು ಶಹಾಪುರಕ್ಕೆ ಬಂದಾಗ ಕಾಲುವೆಯ ಕೆಲಸ ಭರದಿಂದ ನಡೆದಿತ್ತು. ಕಾಲುವೆ ಕಚೇರಿಯಲ್ಲಿ ನನಗೆ ಟ್ರೇಸರ್ ಹುದ್ದೆ. ಇಂಜಿನಿಯರುಗಳು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳುವಾದ ಬಟ್ಟೆ ಹಾಸಿ, ಕಪ್ಪು ಶಾಯಿಯಲ್ಲಿ ಅದನ್ನೇ ಮತ್ತೆ ಬರೆದು ತೆಗೆಯಬೇಕು. ಗೆರೆ ಕೂದಲೆಳೆಯಷ್ಟು ನಡುಗಿದರೂ ಮತ್ತೆ ಮೊದಲಿಂದ ಶುರು. ನನಗೆ ಆಗ ಇಪ್ಪತ್ತೊಂಬತ್ತು ವರ್ಷ, ಮದುವೆಯಾಗಿರಲಿಲ್ಲ. ತುಮಕೂರಿನ ಕಡೆಯಿಂದ ಹೊರಟು ಯಾದಗಿರಿಯಲ್ಲಿ ರೈಲಿಳಿದು ಬಸ್ಸು ಹತ್ತಿದೆ. ಕಂಡಕ್ಟರ್ ಏನೋ ಕೇಳಿದ, ನನಗೆ ತಿಳಿಯಲಿಲ್ಲ. ನಾನು ಹೇಳಿದ್ದು ಅವನಿಗೆ ತಿಳಿಯಲಿಲ್ಲ. ಇಬ್ಬರೂ ಆಡಿದ್ದು ಕನ್ನಡವೇ. ಪರದೇಶಕ್ಕೆ ಬಂದಿಳಿದೆ ಅನ್ನಿಸಿದ್ದು ಆ ಬಸ್ಸಿನಲ್ಲಿ.

ಕಚೇರಿಯವರಿಗಾಗಿ ಊರಾಚೆ ಕ್ಯಾಂಪಿನಲ್ಲಿ ಕ್ವಾರ್ಟರ್ಸ್ ಕಟ್ಟುತ್ತಿದ್ದರು. ಅರ್ಜಿ ಕೊಟ್ಟೆ. ಮಂಜೂರಾಗಲು ತಿಂಗಳುಗಳೇ ಬೇಕು ಎಂದರು. ನಮ್ಮ ಕಚೇರಿಯ ಹಿರಿಯ ಗುಮಾಸ್ತರೊಬ್ಬರು ಸುರಪುರದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಶಹಾಪುರದ ಒಳಗೆ ಒಂದು ಕೋಣೆ ಗೊತ್ತು ಮಾಡಿಕೊಟ್ಟವರು ಅವರೇ.

ಕಲ್ಲುಗೋಡೆಯ ಮಾಳಿಗೆ ಮನೆ ಅದು. ಮನೆಯೊಡತಿಗೆ ಐವತ್ತರ ಆಸುಪಾಸು. ಗಂಡ ಶಿರವಾಳದ ಶಾಲೆಯಲ್ಲಿ ಮಾಸ್ತರರಾಗಿದ್ದವರು, ತೀರಿಕೊಂಡು ಏಳೆಂಟು ವರ್ಷವಾಗಿತ್ತು. ಒಬ್ಬಳೇ ಮಗಳನ್ನು ಹುಣಸಗಿಗೆ ಕೊಟ್ಟಿದ್ದರು. ಮುಂದಿನ ಪಡಸಾಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯ ಹೆಂಗಸರಿಗೆಲ್ಲ ಕುಪ್ಪಸ ಹೊಲಿದುಕೊಡುತ್ತಿದ್ದರು. ಎಲ್ಲರೂ ಅವರನ್ನು ಟೇಲರ್ ಬಾಯಿ ಎನ್ನುತ್ತಿದ್ದರು, ನಾನೂ ಹಾಗೇ ಅನ್ನತೊಡಗಿದೆ. ಮೊದಲ ದಿನವೇ ಅವರು ನನ್ನನ್ನು ತಂಗಿ ಎಂದರು.

ನನ್ನ ಕೋಣೆಗೆ ಹೋಗಬೇಕೆಂದರೆ ಆ ಪಡಸಾಲೆ ದಾಟಿಯೇ ಹೋಗಬೇಕು. ಸಂಜೆ ಕಚೇರಿಯಿಂದ ಬಂದರೆ ಅಲ್ಲಿ ನಾಲ್ಕೈದು ಹೆಂಗಸರು ಕೂತಿರುತ್ತಿದ್ದರು.

"ಏನ್ ಊಟ ಮಾಡಿದ್ರಿ ಮಧ್ಯಾಹ್ನ?"

"ನಿಮ್ಮ ಕಡಿ ರೊಟ್ಟಿ ತಿನ್ನಂಗಿಲ್ಲೇನ್ರಿ?"

"ಇನ್ನೂ ಯಾಕ ಲಗ್ನ ಆಗಿಲ್ಲ?"

ಕೇಳುವುದರಲ್ಲಿ ಕೆಡುಕು ಇರಲಿಲ್ಲ, ಅದು ನನಗೆ ಈಗ ಗೊತ್ತು. ಆಗ ಮಾತ್ರ ಪ್ರತಿ ಪ್ರಶ್ನೆಯೂ ಚುಚ್ಚುತ್ತಿತ್ತು. ಬಾಗಿಲು ಹಾಕಿಕೊಂಡರೆ ಟೇಲರ್ ಬಾಯಿ ಅರೆಗಳಿಗೆಯಲ್ಲಿ ತಳ್ಳಿಕೊಂಡು ಒಳಗೆ ಬರುತ್ತಿದ್ದರು, ಕೈಯಲ್ಲಿ ಪುಂಡಿಪಲ್ಯವೋ ಶೇಂಗಾ ಹಿಂಡಿಯೋ.

"ಯಾಕ್ ತಂಗಿ, ಮಾರಿ ಸಣ್ಣದು ಮಾಡಿ ಕುಂತಿ? ಉಣ್ಣು."

ನೀರು ಹಿತ್ತಲಿನ ಬಾವಿಯಿಂದ ಸೇದಬೇಕಿತ್ತು. ಹಗ್ಗ ಎಳೆದು ಎಳೆದು ಅಂಗೈಯಲ್ಲಿ ಬೊಬ್ಬೆ ಎದ್ದವು. ಕಚೇರಿಯಲ್ಲಿ ಪೆನ್ನು ಹಿಡಿದರೆ ಬೆರಳು ಅದುರುತ್ತಿತ್ತು. ಎರಡು ಹಾಳೆ ಕೆಟ್ಟು ಸಾಹೇಬರಿಂದ ಬೈಸಿಕೊಂಡೆ.

ಐದನೆಯ ತಿಂಗಳಿಗೆ ಕ್ವಾರ್ಟರ್ಸ್ ಮಂಜೂರಾಯಿತು. ಬೇಕೋ ಬೇಡವೋ ಎಂದು ಒಂದು ವಾರದಲ್ಲಿ ಬರೆದುಕೊಡಬೇಕಿತ್ತು. ಭಾನುವಾರ ಹೋಗಿ ನೋಡಿ ಬಂದೆ. ಸುತ್ತ ಕಾಂಪೌಂಡು, ಗೇಟು, ಗೇಟಿಗೊಬ್ಬ ಕಾವಲುಗಾರ. ಸಾಲಾಗಿ ಒಂದೇ ಅಚ್ಚಿನ ಮನೆಗಳು. ಎರಡು ಕೋಣೆ, ಒಳಗೇ ನಲ್ಲಿ, ಸುಣ್ಣದ ವಾಸನೆ. ಅಲ್ಲಿರುವವರೆಲ್ಲ ನನ್ನ ಹಾಗೆಯೇ ಎಲ್ಲೆಲ್ಲಿಂದಲೋ ಬಂದವರು. ಯಾರೂ ಯಾರನ್ನೂ ಏನೂ ಕೇಳುವಂತೆ ಕಾಣಲಿಲ್ಲ. ಅದೇ ನನಗೆ ಹಿಡಿಸಿತು. ಆದರೂ ಮನಸ್ಸು ಒಂದು ಕಡೆ ನಿಲ್ಲದೆ ಗುಮಾಸ್ತರನ್ನು ಕೇಳಿದೆ.

"ನೀರು, ಲೈಟು ಎಲ್ಲಾ ಬರೋಬ್ಬರಿ ಅದಾವ್ರಿ ಮೇಡಂ ಅಲ್ಲಿ," ಎಂದರು ಅವರು. "ಆದ್ರ ಒಬ್ಬರೇ ಇರೋರು ನೀವು. ನಾಕು ಮಂದಿ ನಡುವ ಇದ್ರ ಚಲೋ. ಮುಂದ ನಿಮಗ ತಿಳಿದಂಗ ಮಾಡ್ರಿ."

ಕೋಣೆಯಲ್ಲೇ ಉಳಿಯೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ಆ ವಾರದ ಒಂದು ಸಂಜೆ ಕಚೇರಿಯಿಂದ ಬಂದಾಗ ಪಡಸಾಲೆಯಲ್ಲಿ ಹೆಂಗಸರಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಒಬ್ಬ ಗಂಡಸು ತಲೆ ತಗ್ಗಿಸಿ ಕೂತಿದ್ದ. ಬಳಿಚಕ್ರದ ಶಾಲೆಯಲ್ಲಿ ಮಾಸ್ತರ, ಹೆಂಡತಿ ತೀರಿಕೊಂಡಿದ್ದಾಳೆ, ಒಳ್ಳೆಯವನು ಎಂದು ಟೇಲರ್ ಬಾಯಿ ಒಂದೇ ಉಸಿರಿನಲ್ಲಿ ಹೇಳಿದರು. ನನ್ನನ್ನು ನೋಡಲೆಂದು ಕರೆಸಿದ್ದರು. ನನಗೆ ಒಂದು ಮಾತೂ ತಿಳಿಸಿರಲಿಲ್ಲ.

"ನಿಮ್ಮನ್ನ ಯಾರು ಕೇಳಿದ್ದು?" ಎಂದು ಆ ಮನುಷ್ಯನ ಎದುರಿಗೇ ಕೂಗಿಬಿಟ್ಟೆ. "ನಾನು ಬಾಡಿಗೆಗೆ ಇರೋಳು. ನಿಮ್ಮ ಮನೆ ಮಗಳಲ್ಲ."

ಆತ ಎದ್ದು ಚಪ್ಪಲಿ ಮೆಟ್ಟಿ ಹೊರಟೇಹೋದ. ಟೇಲರ್ ಬಾಯಿ ಹೋಗಿ ಯಂತ್ರದ ಮುಂದೆ ಕೂತರು. ಮರುದಿನ ಬೆಳಿಗ್ಗೆ ಕ್ವಾರ್ಟರ್ಸ್ ಬೇಕೆಂದು ಬರೆದುಕೊಟ್ಟೆ. ಸಂಜೆ ಅವರಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು.

"ಅಲ್ಲಿ ನಳ ಅದ ಏನು?"

"ಇದೆ."

"ಮತ್ತ ಹೋಗು ತಂಗಿ. ಬಾವಿ ಸೇದಿ ಸೇದಿ ನಿನ್ನ ಕೈ ನೋಡು ಹೆಂಗ ಆಗ್ಯಾವ."

ಕ್ವಾರ್ಟರ್ಸಿನ ಮೊದಲ ತಿಂಗಳು ಹಿತವಾಗಿತ್ತು. ಬಾಗಿಲು ಹಾಕಿದರೆ ಹಾಕಿದಂತೆಯೇ ಇರುತ್ತಿತ್ತು. ನಲ್ಲಿ ತಿರುಗಿಸಿ ಬಕೆಟ್ ತುಂಬುವುದನ್ನು ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದೆ. ಗೆರೆಗಳು ನೆಟ್ಟಗಾದವು. ಎರಡನೆಯ ತಿಂಗಳಲ್ಲಿ ಒಂದು ಸಂಗತಿ ಗಮನಕ್ಕೆ ಬಂತು. ಶನಿವಾರ ಕಚೇರಿ ಬಿಟ್ಟ ಮೇಲೆ ಸೋಮವಾರ ಬೆಳಿಗ್ಗೆಯವರೆಗೆ ನಾನು ಬಾಯಿ ತೆರೆದು ಮಾತಾಡುತ್ತಲೇ ಇರಲಿಲ್ಲ. ಪಕ್ಕದ ಮನೆಯವರು ತೆಲುಗಿನವರು, ಕಂಡರೆ ನಗುತ್ತಿದ್ದರು. ಎದುರಿನ ಮನೆಯವರ ಬಾಗಿಲು ಮುಚ್ಚಿಯೇ ಇರುತ್ತಿತ್ತು, ನನ್ನದರಂತೆ. ಒಂದು ಭಾನುವಾರ ಗಂಟಲು ಕಟ್ಟಿದೆಯೋ ಏನೋ ಎಂದು ಪಾತ್ರೆ ತೊಳೆಯುತ್ತ ಗಟ್ಟಿಯಾಗಿ ಒಂದರಿಂದ ಹತ್ತು ಎಣಿಸಿದೆ.

ಕಾಲುವೆಗೆ ನೀರು ಬಿಟ್ಟ ವರ್ಷ ಸೊಳ್ಳೆ ಹೆಚ್ಚಾಗಿ ಮನೆಮನೆಗೂ ಚಳಿಜ್ವರ ಬಂತು. ನನಗೂ ಬಂತು. ಬುಧವಾರ ಮಲಗಿದವಳು ಶನಿವಾರದವರೆಗೂ ಏಳಲಿಲ್ಲ. ಇದ್ದಬದ್ದ ಸೀರೆಗಳನ್ನೆಲ್ಲ ಹೊದ್ದುಕೊಂಡರೂ ಹಲ್ಲು ಕಟಕಟ ಎನ್ನುತ್ತಿದ್ದವು. ನಾಲ್ಕು ದಿನದಲ್ಲಿ ಯಾರೂ ಬಾಗಿಲು ತಟ್ಟಲಿಲ್ಲ. ಯಾರ ತಪ್ಪೂ ಅಲ್ಲ, ಯಾರಿಗೂ ಗೊತ್ತಿರಲಿಲ್ಲ. ರಜೆ ಹಾಕಿ ಊರಿಗೆ ಹೋಗಿದ್ದೇನೆ ಎಂದು ಕಚೇರಿಯಲ್ಲಿ ಅಂದುಕೊಂಡಿದ್ದರಂತೆ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಜ್ವರ ಇಳಿಯಿತು. ಇಳಿಬಿಸಿಲಿನಲ್ಲಿ ಗೋಡೆ ಹಿಡಿದುಕೊಂಡು, ಆಸ್ಪತ್ರೆಗೆ ಹೋಗಲು ಯಾವುದಾದರೂ ಗಾಡಿ ಸಿಗುತ್ತದೆಯೇ ನೋಡೋಣವೆಂದು ಗೇಟಿನವರೆಗೆ ನಡೆದೆ. ಕಾವಲುಗಾರ ಹೊಸಬ. ನನ್ನ ಮುಖವನ್ನೇ ನೋಡಿ ಕೇಳಿದ.

"ನಕ್ಷೆ ಬರಿಯೋ ಮೇಡಂ ನೀವೇ ಏನ್ರಿ?"

ಹೌದೆಂದೆ. ಅವನು ಒಳಗಿನಿಂದ ಬಟ್ಟೆಯ ಗಂಟೊಂದನ್ನು ತಂದುಕೊಟ್ಟ.

"ಒಬ್ಬ ಬಾಯಿ ಬಂದಿದ್ರು. ತುಮಕೂರ ಕಡಿಯಾಕಿ, ನಕ್ಷೆ ಬರಿತಾಳ, ಆರಾಮ ಇದ್ದಂಗಿಲ್ಲ, ಒಳಗ ಬಿಡು ಅಂದ್ರು. ಮನಿ ನಂಬರ ಹೇಳ್ರಿ ಅಂದೆ, ಗೊತ್ತಿಲ್ಲ ಅಂದ್ರು. ಹೆಸರಾದ್ರೂ ಹೇಳ್ರಿ ಅಂದೆ. ತಂಗಿ ಅಂತೀನಪ್ಪ ನಾನು, ಹೆಸರು ಕೇಳಿಲ್ಲ ಅಂದ್ರು. ಹೆಸರಿಲ್ಲದ ಹೆಂಗ ಬಿಡ್ಲಿ ಹೇಳ್ರಿ? ಆ ಗಿಡದ ಬುಡಕ ಬಾಳ ಹೊತ್ತು ಕುಂತಿದ್ರು. ಈಗ ಬಸ್ಸಿಗೆ ಹೋದ್ರು."

ಹಿಂದಿನ ಸಂಜೆ ಬಸ್ ನಿಲ್ದಾಣದಲ್ಲಿ ಸಿಕ್ಕ ಗುಮಾಸ್ತರು, ನಾನು ನಾಲ್ಕು ದಿನದಿಂದ ಕಚೇರಿಗೆ ಬಂದಿಲ್ಲ ಎಂದು ಟೇಲರ್ ಬಾಯಿಗೆ ಹೇಳಿದ್ದರಂತೆ. ನನ್ನ ಬಾಗಿಲಿನಿಂದ ಆ ಗಿಡ ಇನ್ನೂರು ಹೆಜ್ಜೆ ಇರಬಹುದು. ಗಂಟಿನಲ್ಲಿ ಜೋಳದ ರೊಟ್ಟಿ, ಮೆಣಸು ಹಾಕಿ ಕುದಿಸಿದ ಬೇಳೆಕಟ್ಟು ಇತ್ತು. ಕಟ್ಟು ತಣ್ಣಗಾಗಿತ್ತು. ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತೇ ಅದನ್ನು ಕುಡಿದೆ. ಕಾವಲುಗಾರ ಮುಖ ಆಚೆ ತಿರುಗಿಸಿಕೊಂಡ.

ಪೂರ್ತಿ ಹುಷಾರಾಗಲು ಮೂರು ವಾರ ಹಿಡಿಯಿತು. ಹುಷಾರಾದ ಮೇಲೆ ಮೊದಲು ಹೋದದ್ದು ಆ ಮನೆಗೆ. ಕೋಣೆ ಖಾಲಿ ಇದ್ದರೆ ಮತ್ತೆ ಬರುತ್ತೇನೆ ಎಂದು ಕೇಳುವ ಮನಸ್ಸಿತ್ತು, ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಟೇಲರ್ ಬಾಯಿ ಯಂತ್ರ ನಿಲ್ಲಿಸಿ ಎದ್ದರು.

"ಬರ್ರಿ, ಬರ್ರಿ. ಕೂಡ್ರಿ."

ಆ 'ರಿ' ಕೇಳಿ ನಾನು ನಿಂತಲ್ಲೇ ನಿಂತೆ. ಅವರು ಚಾಪೆಯ ಬದಲು ಕುರ್ಚಿ ತಂದು ಹಾಕಿದರು. ಬಸಿಯ ಮೇಲೆ ಕಪ್ಪಿಟ್ಟು ಚಹಾ ಕೊಟ್ಟರು. ನನ್ನ ಕೋಣೆಯ ಬಾಗಿಲಲ್ಲಿ ಬೇರೆ ಪರದೆ ತೂಗುತ್ತಿತ್ತು; ಟೀಚರ್ ಟ್ರೈನಿಂಗಿನ ಇಬ್ಬರು ಹುಡುಗಿಯರು ಬಂದಿದ್ದಾರೆ ಎಂದರು. ಅಂದು ಸಂಜೆ ಕೂಗಾಡಿದ್ದಕ್ಕೆ ತಪ್ಪಾಯಿತೆಂದೆ.

"ಹೋಗ್ಲಿ ಬಿಡ್ರಿ. ಕೇಳದ ಮಾಡಿದ್ದು ನಂದೂ ತಪ್ಪು," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಒಳಗಿನಿಂದ ಒಬ್ಬ ಹುಡುಗಿ ಏನೋ ಕೇಳಿದಳು. "ಬಂದೆ ತಂಗಿ," ಎಂದು ಅವರು ಎದ್ದುಹೋದರು.

ಆ ಕ್ವಾರ್ಟರ್ಸಿನಲ್ಲಿ ಆರು ವರ್ಷ ಇದ್ದೆ. ಹಬ್ಬಕ್ಕೊಮ್ಮೆ ಆ ಮನೆಗೆ ಹೋಗಿ ಬರುತ್ತಿದ್ದೆ, ಕುಪ್ಪಸ ಹೊಲಿಸುವ ನೆವದಲ್ಲಿ ಹೆಚ್ಚಿಗೂ ಹೋಗುತ್ತಿದ್ದೆ. ಅಳತೆ ತೆಗೆಯುವಾಗ ಮಾತ್ರ ಅವರ ಕೈ ಭುಜದ ಮೇಲೆ ಒಂದು ಗಳಿಗೆ ಹೆಚ್ಚು ನಿಲ್ಲುತ್ತಿತ್ತೋ, ನನಗೇ ಹಾಗೆ ಅನ್ನಿಸುತ್ತಿತ್ತೋ. ಹುಡುಗಿಯರು ಹೋದರು, ಬೇರೆಯವರು ಬಂದರು. ಮತ್ತೆ ಕೇಳುವ ಧೈರ್ಯ ನನಗಾಗಲಿಲ್ಲ.

ತುಮಕೂರಿಗೆ ವರ್ಗವಾದಾಗ ಹೇಳಿಹೋಗಲು ಹೋದೆ. ಬಾಣಂತನಕ್ಕೆಂದು ಹುಣಸಗಿಗೆ ಮಗಳ ಮನೆಗೆ ಹೋಗಿದ್ದಾರೆ, ಇವತ್ತು ಬರಬಹುದು ಎಂದರು ನೆರೆಯವರು. ಕಟ್ಟೆಯ ಮೇಲೆ ಕೂತೆ. ಹುಣಸಗಿಯಿಂದ ಬಂದ ಎರಡು ಬಸ್ಸಿನ ಜನ ಓಣಿಯಲ್ಲಿ ಹಾದುಹೋದರು. ಯಾದಗಿರಿಯ ರೈಲಿಗೆ ಹೊತ್ತಾಗುತ್ತಿತ್ತು, ಎದ್ದು ಬಂದೆ.